ನಿಂತ ಲಾರಿಯಲ್ಲಿ ತಲೆ ಸುತ್ತುವುದಿಲ್ಲ

ಭಾನುವಾರ, ಮಾರ್ಚ್ 9
ಮಧ್ಯಾಹ್ನ ಮೂರು ಗಂಟೆ (ನಮ್ಮ ಎಂದಿನ ಹೊತ್ತು)

ಭೂಮಟ್ಟದಿಂದ ಎಪ್ಪತ್ತೆರಡು ಮೀಟರ್ ಎತ್ತರದ ಕ್ರೇನಿನ ಗಾಜಿನ ಸಿಂಹಾಸನದಲ್ಲಿ ವಿರಾಜಮಾನರಾದ, ಉಕ್ಕಿನ ತೊಲೆಗಳನ್ನು ಕಿರುಬೆರಳ ಸನ್ನೆಯಲ್ಲಿ ಏಳಿಸಿ ಕೂರಿಸುವ, ಗಾಳಿಗೆ ಜಗ್ಗದ, ಗುಡುಗಿಗೆ ಬಗ್ಗದ, ಮೇಸ್ತ್ರಿಗಳ ಬೈಗುಳಕ್ಕೆ ಕಿವುಡಾದ, ಹದಿನೆಂಟು ಚಕ್ರದ ಲಾರಿಯ ಏಕಮಾತ್ರ ಒಡತಿಯಾದ ಶ್ರೀ ಶ್ರೀ ಶ್ರೀ ಡ್ರೈವರಣ್ಣನವರ, ಅರ್ಥಾತ್ ನನ್ನ ಒಬ್ಬಳೇ ಅಕ್ಕನ, ಗ್ರೀಸು ಮೆತ್ತಿದ ಪಾದಾರವಿಂದಗಳಿಗೆ,

ಪಕ್ಕದ ಸೀಟಿನ ಖಾಯಂ ಕ್ಲೀನರೂ ನಕ್ಷೆ ಓದುವ ಮಂತ್ರಿಯೂ ಆದ ತಂಗಿಯು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಅಲಂಕಾರಕ್ಕಲ್ಲ. ನಿಜಕ್ಕೂ ನೆಲದ ಮೇಲೆ ಬೋರಲು ಮಲಗಿಯೇ ಬರೆಯುತ್ತಿದ್ದೇನೆ. ಮೇಜಿನ ಮೇಲೆ ಲಾರಿ ನಿಂತಿದೆ, ಕಾಗದ ಇಡಲು ಜಾಗವಿಲ್ಲ. ಅದರ ವಿವರ ಮುಂದೆ ಬರುತ್ತದೆ.

ಉಭಯ ಕುಶಲೋಪರಿ ಎಂದು ಶುರುಮಾಡಲು ಹೊರಟೆ. ಆಮೇಲೆ ಯೋಚಿಸಿದೆ: ಉಭಯ ಎನ್ನಬೇಕಾದರೆ ಎರಡೂ ಕಡೆಯ ಸುದ್ದಿ ಕೈಯಲ್ಲಿರಬೇಕು. ನನ್ನ ಬಳಿ ಇರುವುದು ಒಂದು ಕಡೆಯದು ಮಾತ್ರ. ಆದ್ದರಿಂದ ಈ ಪತ್ರದ ಮಟ್ಟಿಗೆ "ಅರ್ಧ ಕುಶಲೋಪರಿ" ಎಂದು ಓದಿಕೊಳ್ಳತಕ್ಕದ್ದು.

ಪತ್ರ ಮೂರು ವಾರ ತಡವಾಗಿದೆ, ಕ್ಷಮಿಸಬೇಕು. ಮನೆಯಲ್ಲಿ ಲಕೋಟೆ ಇರಲಿಲ್ಲ. ಲಕೋಟೆ ತಂದ ಮೇಲೆ ನಿನ್ನ ವಿಳಾಸವೇ ನನ್ನ ಬಳಿ ಇಲ್ಲ ಎಂದು ಗೊತ್ತಾಯಿತು. ನೀನು ಆ ಊರಿಗೆ ಹೋಗಿ ಹದಿನಾಲ್ಕು ತಿಂಗಳಾದರೂ ವಿಳಾಸ ನನಗೆ ಬೇಕಾಗಿಯೇ ಇರಲಿಲ್ಲ. ಭಾನುವಾರ ಮೂರಕ್ಕೆ ಸರಿಯಾಗಿ ಆಟದ ಲಾರಿಯಲ್ಲೇ ಸಿಗುತ್ತಿದ್ದೆಯಲ್ಲ. ಕೊನೆಗೆ ಅಮ್ಮ ನಿನಗೆ ಸ್ವೆಟರ್ ಕಳಿಸಿದ್ದ ಪಾರ್ಸೆಲ್ ರಸೀದಿಯಲ್ಲಿ ಸಿಕ್ಕಿತು. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಒಂಬತ್ತು ಸಲ ಮಾಡಿದ್ದೇನೆ, ನೀನು ಎತ್ತಿಲ್ಲ. ಮೆಸೇಜು ಕಳಿಸಿದರೆ ಹೆಬ್ಬೆಟ್ಟಿನ ಚಿತ್ರ ಬರುತ್ತದೆ. ಎಲ್ಲದಕ್ಕೂ ಹೆಬ್ಬೆಟ್ಟು ಒತ್ತಲು ನೀನೇನು ಅಕ್ಷರ ಬಾರದವಳೇ?

ಮೊದಲು ಮನೆಯ ವರ್ತಮಾನ. ಅಮ್ಮ ಚೆನ್ನಾಗಿದ್ದಾಳೆ. ಬಿಸ್ಕತ್ತು ಕಾರ್ಖಾನೆಯಲ್ಲಿ ಅವಳನ್ನು ಪ್ಯಾಕಿಂಗಿನಿಂದ ತೆಗೆದು ಮುರುಕು ಆರಿಸುವ ಬೆಲ್ಟಿಗೆ ಹಾಕಿದ್ದಾರೆ. ಇಡೀ ದಿನ ಎದುರಿನಲ್ಲಿ ಬಿಸ್ಕತ್ತು ಹರಿದುಹೋಗುತ್ತಿರುತ್ತದೆ, ಮುರಿದದ್ದನ್ನು ಹೆಕ್ಕಿ ಪಕ್ಕಕ್ಕೆ ಹಾಕಬೇಕು. ಮನೆಗೆ ಬಂದ ಮೇಲೂ ಅವಳ ಕಣ್ಣು ಎಡದಿಂದ ಬಲಕ್ಕೆ ಓಡುತ್ತಲೇ ಇರುತ್ತದೆ. ಮೊನ್ನೆ ಊಟಕ್ಕೆ ಕೂತಾಗ ನನ್ನ ಮುಖ ನೋಡಿ, "ಏನೋ ಮುರಿದಂಗೆ ಕಾಣ್ತೀಯಲ್ಲೇ" ಎಂದಳು.

"ಹಾಗಾದ್ರೆ ಹೆಕ್ಕಿ ಪಕ್ಕಕ್ಕಿಡು" ಎಂದೆ.

ನಕ್ಕಳು. ಆಮೇಲೆ ತುಸು ಹೊತ್ತು ನನ್ನನ್ನೇ ನೋಡುತ್ತಿದ್ದಳು. ನಾನು ತಟ್ಟೆ ತೊಳೆಯುವ ನೆಪದಲ್ಲಿ ಎದ್ದೆ. ಭಾನುವಾರದ ಪಾಳಿಯೂ ಈಗ ಅವಳಿಗೇ ಬಿದ್ದಿದೆ. ಹಾಗಾಗಿ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಉಳಿಯುವುದು ನಾನು, ಫ್ರಿಜ್ಜು ಮತ್ತು ನಿನ್ನ ಮಂಚ. ಮೂವರಲ್ಲಿ ಮಾತಾಡುವುದು ಫ್ರಿಜ್ಜು ಒಂದೇ.

ಇನ್ನು ಕನ್ನಡಕದಂಗಡಿಯ ವರ್ತಮಾನ. ನಮ್ಮ ಯಜಮಾನರು, ಅಂದರೆ ನಾನು ನಾಮಕರಣ ಮಾಡಿದ ಭೂತಗನ್ನಡಿ ಸಾಹೇಬರು, ಕ್ಷೇಮ. ಕಣ್ಣು ಪರೀಕ್ಷೆಯ ಅಕ್ಷರದ ಪಟ ಗೊತ್ತಲ್ಲ, ಮೇಲೆ ಕುಂಬಳಕಾಯಿ ಗಾತ್ರದ ಅಕ್ಷರ, ಕೆಳಗೆ ಬರುತ್ತ ಸಾಸಿವೆ. ಅದರ ಕೊನೆಯ ಸಾಲಿನ ಮೇಲೆ ನಾನು ಅಷ್ಟೇ ಸಣ್ಣ ಅಕ್ಷರದಲ್ಲಿ, "ಇಷ್ಟು ಓದಿದವರಿಗೆ ಕನ್ನಡಕ ಬೇಡ, ಮನೆಗೆ ಹೊರಡಿ" ಎಂದು ಅಚ್ಚು ಹಾಕಿಸಿ ಅಂಟಿಸಿದೆ. ನಾಲ್ಕು ದಿನ ಸಾಹೇಬರು ಕೋಲು ಹಿಡಿದು, "ಎಲ್ಲಿ, ಕೊನೇ ಸಾಲು ಓದಿ ನೋಡೋಣ" ಎಂದು ಗಿರಾಕಿಗಳನ್ನು ಕೇಳಿದ್ದೇ ಕೇಳಿದ್ದು. ಐದನೆಯ ದಿನ ನಿವೃತ್ತ ಹೆಡ್ಮಾಸ್ತರರೊಬ್ಬರು ಅದನ್ನು ಗಟ್ಟಿಯಾಗಿ ಓದಿ, ಥ್ಯಾಂಕ್ಸ್ ಹೇಳಿ, ಚೀಲ ಎತ್ತಿಕೊಂಡು ಹೊರಟೇಹೋದರು. ಸಾಹೇಬರು ಪಟದ ಹತ್ತಿರ ಹೋಗಿ, ಮೂಗು ತಾಗಿಸಿ, ಓದಿ, ನನ್ನ ಕಡೆ ತಿರುಗಿದರು. ಕೆಲಸ ಹೋಯಿತು ಎಂದುಕೊಂಡೆ. ಅವರು ದನಿ ತಗ್ಗಿಸಿ, "ನಾಲ್ಕು ದಿನ ನನಗೇ ಕಾಣಿಸ್ಲಿಲ್ಲ ಅನ್ನೋದನ್ನ ಮಾತ್ರ ಯಾರಿಗೂ ಹೇಳ್ಬೇಡಮ್ಮ" ಎಂದರು. ಈ ಗುಟ್ಟಿನ ಬಲದ ಮೇಲೆ ಈಗ ನನಗೆ ಶನಿವಾರ ಅರ್ಧ ದಿನ ರಜೆ.

ಇದನ್ನು ಲಾರಿಯಲ್ಲಿ ಹೇಳಿದ್ದರೆ ನೀನು ಬಿಕ್ಕಳಿಕೆ ಬರುವಷ್ಟು ನಗುತ್ತಿದ್ದೆ. ಕಾಗದದಲ್ಲಿ ಅದರ ಸದ್ದು ಕೇಳುವುದಿಲ್ಲ. ನಾನೇ ಬರೆದು ನಾನೇ ನಕ್ಕು ನೋಡಿದೆ. ಫ್ರಿಜ್ಜು ಒಂದು ಸಲ ಗುರ್ ಎಂದು ಸುಮ್ಮನಾಯಿತು.

ಈಗ ಮುಖ್ಯ ವಿಷಯ. ಇದನ್ನು ಎದ್ದು ನಿಂತು ಗೌರವದಿಂದ ಓದತಕ್ಕದ್ದು. ಬೇಡ, ಕೂತೇ ಓದು.

ಅಕ್ಕ, ನಿನ್ನ ಕ್ಲೀನರಿಗೆ ಲಾರಿ ಆಗಿಬರುವುದಿಲ್ಲ.

ಅಕ್ಟೋಬರಿನಲ್ಲಿ ನಮ್ಮ ಕಂಪ್ಯೂಟರ್ ಆಟದವರು ಹೊಸದೇನೋ ಸೇರಿಸಿದರಲ್ಲ, ಕ್ಯಾಬಿನ್ ನಿಜವಾದ ಲಾರಿಯ ಹಾಗೆ ಕುಲುಕುವಂತೆ, ತಿರುವಿನಲ್ಲಿ ವಾಲುವಂತೆ. ನೀನು, "ಈಗ ನೋಡು ಮಜಾ" ಎಂದೆ. ನಾನೂ "ಮಜಾ, ಮಜಾ" ಎಂದೆ. ಆ ಮಜದ ಕ್ರಮ ಹೀಗಿದೆ. ಮೊದಲು ಆಕಳಿಕೆ, ಒಂದರ ಹಿಂದೆ ಒಂದು, ನಿದ್ದೆಯೇ ಇಲ್ಲದ ಆಕಳಿಕೆ. ಆಮೇಲೆ ಬಾಯಿತುಂಬ ನೀರು. ಹಣೆಯ ಮೇಲೆ ತಣ್ಣನೆಯ ಬೆವರು. ಕೊನೆಗೆ ಹೊಟ್ಟೆ ತನ್ನ ಜಾಗ ಬಿಟ್ಟು ಗಂಟಲ ಬಳಿ ಬಂದು, "ಯಾರಿದ್ದೀರಿ ಮನೇಲಿ" ಎಂದು ಬಾಗಿಲು ಬಡಿಯುತ್ತದೆ. ನಾನು ಕೂತಿರುವುದು ಅಡುಗೆಮನೆಯ ಮರದ ಕುರ್ಚಿ. ನಾಲ್ಕು ಕಾಲು, ಒಂದಿಂಚೂ ಅಲ್ಲಾಡುವುದಿಲ್ಲ. ಅದರ ಮೇಲೆ ಕೂತು ಪ್ರಯಾಣದ ವಾಂತಿ ಮಾಡಿಕೊಂಡ ಕೀರ್ತಿ ನಮ್ಮ ವಂಶದಲ್ಲಿ ನನಗೊಬ್ಬಳಿಗೇ ಸಲ್ಲಬೇಕು.

ಭೂತಗನ್ನಡಿ ಸಾಹೇಬರನ್ನು ಕೇಳಿದೆ. ಲೆನ್ಸು ಉಜ್ಜುವುದನ್ನು ನಿಲ್ಲಿಸದೆಯೇ ಹೇಳಿದರು: "ಕಣ್ಣು, ನಾನು ಹೊರಟೆ ಅನ್ನುತ್ತೆ. ಕಿವಿ ಒಳಗಡೆ ತೂಕ ನೋಡೋದೊಂದು ಇರುತ್ತೆ, ಅದು, ಎಲ್ಲೂ ಹೋಗಿಲ್ಲ, ಇಲ್ಲೇ ಇದ್ದೀಯ ಅನ್ನುತ್ತೆ. ಇಬ್ಬರೂ ಹಟ ಬಿಡಲ್ಲ. ಜಗಳ ಹೊಟ್ಟೆ ಮೇಲೆ ಬೀಳುತ್ತೆ."

"ಮತ್ತೆ ನಮ್ಮ ಅಕ್ಕನಿಗೆ ಯಾಕೆ ಆಗಲ್ಲ? ಅದೇ ಲಾರಿ, ಅದೇ ರಸ್ತೆ."

"ಸ್ಟಿಯರಿಂಗ್ ಅವಳ ಕೈಲಿದೆಯಲ್ಲಮ್ಮ. ತಿರುವು ಬರೋದು ಕೈಗೆ ಮೊದಲೇ ಗೊತ್ತಿರುತ್ತೆ. ಪಕ್ಕದಲ್ಲಿ ಸುಮ್ಮನೆ ಕೂತವರ ಪಾಡೇ ಪಾಡು."

ಇಷ್ಟು ದಿನ ನಿನಗೆ ಹೇಳದೆ ಹೇಗೆ ನಿಭಾಯಿಸಿದೆ ಎಂದು ಕೇಳುತ್ತೀಯ. ಶನಿವಾರ ರಾತ್ರಿ ಕೂತು ಮಾರನೆಯ ದಿನದ ದಾರಿಯನ್ನು ಬಿಸ್ಕತ್ತಿನ ರಟ್ಟಿನ ಮೇಲೆ ಬರೆದು ಬಾಯಿಪಾಠ ಮಾಡುತ್ತಿದ್ದೆ. ಭಾನುವಾರ ಕಣ್ಣು ಮುಚ್ಚಿ ಕೂತು, ನಿನ್ನ ಗೇರಿನ ಸದ್ದಿನ ಮೇಲೆ ಲೆಕ್ಕ ಹಾಕಿ, "ಮುಂದೆ ಎಡಕ್ಕೆ, ಪೆಟ್ರೋಲ್ ಬಂಕು ದಾಟಿ ಬಲಕ್ಕೆ, ರೈಟ್ ರೈಟ್" ಎಂದು ಕೂಗುತ್ತಿದ್ದೆ. ನಾಲ್ಕು ತಿಂಗಳು ನಿನ್ನ ಲಾರಿಗೆ ಕುರುಡು ಕ್ಲೀನರ್ ದಾರಿ ತೋರಿಸಿದ್ದಾಳೆ, ಡ್ರೈವರಣ್ಣ. ಜನವರಿಯಲ್ಲಿ ಆಟದವರು ಯಾರಿಗೂ ಹೇಳದೆ ಒಂದು ಸೇತುವೆ ಕೆಡವಿದ್ದರು. ನನ್ನ ರಟ್ಟಿನಲ್ಲಿ ಅದು ಇನ್ನೂ ಇತ್ತು.

"ಏನೇ, ಎದುರಿಗೆ ಕೆರೆ ಕಾಣ್ತಿದ್ರೂ ರೈಟ್ ರೈಟ್ ಅಂತೀಯಲ್ಲ" ಎಂದು ಮುಳುಗುತ್ತಲೇ ಕೇಳಿದೆ ನೀನು.

"ಸೇತುವೆ ಇರಬೇಕಿತ್ತು."

"ಇರಬೇಕಿತ್ತು ಅಂದ್ರೆ? ನೀನು ನೋಡ್ತಿದ್ದೀಯೋ ಇಲ್ವೋ?"

"ನಾನು ನಂಬಿಕೆಯ ಮೇಲೆ ನಡೆಯುವವಳು."

"ನಿನ್ನ ನಂಬಿಕೆಗಿಷ್ಟು. ಇಪ್ಪತ್ತು ಟನ್ ಸಿಮೆಂಟು ಕೆರೆಗೆ ಹೋಯ್ತು. ಇನ್ನು ಮೀನುಗಳು ಮನೆ ಕಟ್ಟಿಕೊಳ್ಳಲಿ" ಎಂದು ನಕ್ಕೆಯಲ್ಲ, ಆ ನಗುವಿಗೆ ನಾನು ಇನ್ನೂ ಎರಡು ಲಾರಿ ಮುಳುಗಿಸಬಲ್ಲೆ.

ನಮ್ಮ ಲಾರಿಯ ಕಾನೂನು ನೆನಪಿದೆಯಲ್ಲ? ಕ್ಲೀನರಿಗೆ ಇರುವ ಅಧಿಕಾರ ಎರಡೇ. "ರೈಟ್ ರೈಟ್" ಎಂದರೆ ಹೋಗಬೇಕು. "ಹೋಲ್ಡಾನ್" ಎಂದರೆ ನಿಲ್ಲಿಸಬೇಕು. ಯಾಕೆ ಎಂದು ಕೇಳುವ ಹಕ್ಕು ಡ್ರೈವರಿಗಿಲ್ಲ. ಮೊದಲನೆಯ ದಿನವೇ ಇದನ್ನು ಮಾಡಿದವಳು ನೀನು. ಹದಿನಾಲ್ಕು ತಿಂಗಳಲ್ಲಿ ನಾನು ಒಂದು ಸಲವೂ ಹೋಲ್ಡಾನ್ ಎಂದಿಲ್ಲ, ಗಂಟಲವರೆಗೆ ಬಂದಾಗಲೂ.

ಯಾಕೆ ಎಂದರೆ, ಹೇಳಿದ್ದರೆ ನೀನು, "ಅಯ್ಯೋ, ಹಾಗಾದ್ರೆ ಆಟ ಬೇಡ ಬಿಡು" ಎನ್ನುತ್ತಿದ್ದೆ. ಆಟ ಬೇಡವಾದರೆ ಭಾನುವಾರ ಮೂರಕ್ಕೆ ನಾವಿಬ್ಬರೂ ಏನು ಮಾತಾಡುವುದು? ಫೋನಿನಲ್ಲಿ "ಊಟ ಆಯ್ತಾ", "ಆಯ್ತು, ನಿಂದು?" ಮುಗಿದ ಮೇಲೆ ನಮಗೆ ಮಾತು ಸಿಗುವುದಿಲ್ಲ. ಲಾರಿಯಲ್ಲಿ ಮಾತ್ರ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ರಸ್ತೆಯನ್ನೇ ನೋಡುತ್ತ ಹೋಗುವಾಗ, ಅದೆಲ್ಲಿಂದಲೋ ಬರುತ್ತದೆ. ನೀನು ಬಾಡಿಗೆ ಕೋಣೆಯ ಕಿಟಕಿಗೆ ಪೇಪರ್ ಅಂಟಿಸಿದ್ದನ್ನು ಹೇಳಿದ್ದು ಲಾರಿಯಲ್ಲಿ. ನಿನ್ನ ಹುಟ್ಟಿದ ಹಬ್ಬ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದದ್ದೂ ಲಾರಿಯಲ್ಲಿ. ವಾರಕ್ಕೊಮ್ಮೆ ಒಂದು ಬಕೆಟ್ಟು ವಾಂತಿ ಅದಕ್ಕೆ ದುಬಾರಿಯಲ್ಲ.

ಇಲ್ಲಿ ಇನ್ನೊಂದು ಐತಿಹಾಸಿಕ ಸತ್ಯವನ್ನೂ ದಾಖಲಿಸಿಬಿಡುತ್ತೇನೆ. ಚಿಕ್ಕಂದಿನಲ್ಲಿ ದೊಡ್ಡಮ್ಮನ ಮನೆಗೆ ಹೋಗುವ ಬಸ್ಸಿನಲ್ಲಿ ನಾನು ವಾಕರಿಸುತ್ತಿದ್ದೆನಲ್ಲ, ನೀನು ನಾಲ್ಕು ಗಂಟೆ ಪ್ಲಾಸ್ಟಿಕ್ ಕವರನ್ನು ನನ್ನ ಗಲ್ಲದ ಕೆಳಗೆ ಹಿಡಿದುಕೊಂಡು ಕೂರುತ್ತಿದ್ದೆಯಲ್ಲ, ಅದೆಲ್ಲ ನಾಟಕ. ಕಿಟಕಿ ಸೀಟಿಗಾಗಿ. ಒಂದೇ ಒಂದು ಸಲವೂ ನಿಜವಾಗಿ ಬಂದಿರಲಿಲ್ಲ. ನಿನಗೆ ಇದು ಗೊತ್ತು ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ. ಇತ್ತೀಚೆಗೆ ಅನುಮಾನ ಬಂದಿದೆ.

ಈಗ ಫೆಬ್ರವರಿ ಹದಿನಾರಕ್ಕೆ ಬರೋಣ.

ಘಟ್ಟದ ರಸ್ತೆ, ತಿರುವಿನ ಮೇಲೆ ತಿರುವು. ನೀನು ಎಂದಿಗಿಂತ ನಿಧಾನ ಓಡಿಸುತ್ತಿದ್ದೆ. "ಕ್ಲೀನರ್, ಒಂದು ವಿಷಯ ಹೇಳ್ಬೇಕು, ತಮಾಷೆ ಮಾಡ್ಬಾರದು" ಎಂದೆ. ಅಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟು ಬಾತ್‌ರೂಮಿಗೆ ಓಡಿದೆ. ನೀನು ಅದನ್ನು ಅರಿಯದೆ ಮಾತಾಡುತ್ತ ಹೋದೆ, ಖಾಲಿ ಕುರ್ಚಿಯ ಜೊತೆ. ನಾನು ಮುಖ ಒರೆಸಿಕೊಂಡು ಬಂದು ಹೆಡ್‌ಫೋನ್ ಹಾಕಿದಾಗ ಕೇಳಿಸಿದ್ದು ನಿನ್ನ ಕೊನೆಯ ಮಾತೊಂದೇ: "ಈಗ ನೀನೇ ಹೇಳು, ಏನ್ ಮಾಡ್ಲಿ?"

ಏನು ಎಂದು ಕೇಳಬೇಕಿತ್ತು. ಕೇಳಿದರೆ ಎಲ್ಲಿ ಹೋಗಿದ್ದೆ ಎನ್ನುತ್ತೀಯ, ವಾಂತಿಯ ಗುಟ್ಟು ಬಯಲಾಗುತ್ತದೆ. ಅಭ್ಯಾಸಬಲದಿಂದ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಮಹಾಪ್ರಭುಗಳ ಚಿತ್ತಕ್ಕೆ ಬಂದಂತೆ ಆಗಲಿ. ರೈಟ್ ರೈಟ್."

ನೀನು ಲಾರಿಯನ್ನು ರಸ್ತೆಯ ಅಂಚಿಗೆ ತಂದೆ, ಇಂಡಿಕೇಟರ್ ಹಾಕಿದೆ, ಇಂಜಿನ್ ಆರಿಸಿದೆ, ಹೊರಟುಹೋದೆ.

ಸಂಜೆ ಅಮ್ಮ ಬಂದು, "ಯಾಕೇ, ಇಷ್ಟು ಬೇಗ ಮುಗೀತಾ ನಿಮ್ಮ ಸವಾರಿ?" ಎಂದಳು. "ತಲೆ ತಿರುಗಿತು" ಎಂದೆ. ಮಾರನೆಯ ದಿನ ಅವಳು ನಿನಗೆ ಫೋನಿನಲ್ಲಿ, "ನಿನ್ನ ತಂಗಿಗೆ ತಲೆ ತಿರುಗಿದೆ ಕಣೇ" ಎಂದಿದ್ದಾಳೆ. ನೀನು, "ಹೌದಮ್ಮ, ನಂಗೂ ಹಾಗೇ ಅನ್ನಿಸ್ತು" ಎಂದೆಯಂತೆ. ಅಮ್ಮ ಅದನ್ನು ನನಗೆ ಬಂದು, ನೋಡು ಅಕ್ಕನಿಗೆ ನಿನ್ನ ಮೇಲೆ ಎಷ್ಟು ಕಾಳಜಿ, ಕೇಳುವ ಮೊದಲೇ ಗೊತ್ತಾಗಿಬಿಟ್ಟಿದೆ ಎಂಬ ಧಾಟಿಯಲ್ಲಿ ಹೇಳಿದಳು. ಏನು ಭಾಷೆಯೋ ನಮ್ಮದು. ಕಾಯಿಲೆ ಬಿದ್ದವರಿಗೂ ತಲೆ ತಿರುಗುತ್ತದೆ, ಕೊಬ್ಬಿದವರಿಗೂ ತಲೆ ತಿರುಗುತ್ತದೆ. ಅಮ್ಮ ಹೇಳಿದ್ದು ಒಂದು, ನೀನು ಕೇಳಿಸಿಕೊಂಡದ್ದು ಇನ್ನೊಂದು. ನಡುವೆ ನನ್ನ ತಲೆ.

ಅಂದಿನಿಂದ ಲಾರಿ ಅಲ್ಲೇ ನಿಂತಿದೆ, ಘಟ್ಟದ ಏಳನೆಯ ತಿರುವಿನಲ್ಲಿ. ಬೀಗದ ಕೈ ನಿನ್ನದು, ನನಗೆ ಓಡಿಸಲು ಬರುವುದಿಲ್ಲ. ಹತ್ತಿ ಕೂರಬಹುದು ಅಷ್ಟೆ. ಕಳೆದೆರಡು ಭಾನುವಾರ ಮೂರಕ್ಕೆ ಹೋಗಿ ಪಕ್ಕದ ಸೀಟಿನಲ್ಲಿ ಕೂತಿದ್ದೆ. ಈಗಲೂ ಮೇಜಿನ ಮೇಲೆ ಅದೇ ತೆರೆ ಹಚ್ಚಿಟ್ಟಿದೆ. ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಿದೆ. ಬೇರೆ ಯಾವುದೋ ಊರಿನವರ ಲಾರಿಗಳು ಹಾರ್ನ್ ಹಾಕಿ ದಾಟಿಕೊಂಡು ಹೋಗುತ್ತವೆ. ಒಬ್ಬ ನಿಲ್ಲಿಸಿ, ಕೆಟ್ಟಿದೆಯಾ ಎಂದು ಟೈಪ್ ಮಾಡಿ ಕೇಳಿದ. ಇಲ್ಲ, ಡ್ರೈವರ್ ಟೀ ಕುಡಿಯಲು ಹೋಗಿದ್ದಾರೆ ಎಂದೆ.

ನಿಂತ ಲಾರಿಯಲ್ಲಿ ಒಂಚೂರೂ ತಲೆ ಸುತ್ತುವುದಿಲ್ಲ ಅಕ್ಕ. ಕಣ್ಣು, ಎಲ್ಲೂ ಹೋಗಿಲ್ಲ ಅನ್ನುತ್ತದೆ. ಕಿವಿಯೂ, ಎಲ್ಲೂ ಹೋಗಿಲ್ಲ ಅನ್ನುತ್ತದೆ. ಹೊಟ್ಟೆ ತಣ್ಣಗಿರುತ್ತದೆ. ಎಂಥ ಬೇಜಾರಿನ ಆರೋಗ್ಯ ಇದು.

ಆದ್ದರಿಂದ ಸನ್ನಿಧಾನದಲ್ಲಿ ನನ್ನ ಅರಿಕೆ ಇಷ್ಟೆ: ಆವತ್ತು ಖಾಲಿ ಕುರ್ಚಿಗೆ ಹೇಳಿದ್ದನ್ನು ಇನ್ನೊಂದು ಸಲ ನನಗೆ ಹೇಳು. ಈ ಸಲ ಬಕೆಟ್ಟನ್ನು ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ.

ಮಂಗಳವಾರ, ಮಾರ್ಚ್ 11

ಪತ್ರ ಮುಗಿಸಿ ಅಂಟಿಸುವುದರಲ್ಲಿದ್ದೆ. ಇವತ್ತು ಇನ್ನೊಂದು ವಿಶೇಷ ನಡೆಯಿತು, ಸೇರಿಸುತ್ತೇನೆ.

ಭೂತಗನ್ನಡಿ ಸಾಹೇಬರು, ಕಿವಿಯದ್ದು ನನಗೆ ತಿಳಿಯಲ್ಲ ಎಂದು ಅಂಗಡಿಯ ಎದುರು ಮಹಡಿಯಲ್ಲಿರುವ ಕಿವಿ ಡಾಕ್ಟರಮ್ಮನ ಬಳಿ ಕಳಿಸಿದರು. ನಾನು ರೋಗಿಯ ಗಾಂಭೀರ್ಯ ಧರಿಸಿ ಹೋದೆ. "ಏನಾಗುತ್ತೆ?" ಎಂದರು. ಹೇಳಿದೆ: ತಲೆ ಎತ್ತಿ ಎಡಕ್ಕೆ ನೋಡಿದರೆ ಸಾಕು, ಕೋಣೆ ಬುಗುರಿ ಥರ ತಿರುಗುತ್ತದೆ. ಅರ್ಧ ನಿಮಿಷ. ಆಮೇಲೆ ಏನೂ ಆಗೇ ಇಲ್ಲ ಅನ್ನುವ ಹಾಗೆ ನಿಲ್ಲುತ್ತದೆ.

ಡಾಕ್ಟರಮ್ಮ ನನ್ನನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಎರಡೂ ಕೈಯಲ್ಲಿ ಕಲ್ಲಂಗಡಿ ಹಿಡಿದಂತೆ ಹಿಡಿದು, ಸರಕ್ಕನೆ ಹಿಂದಕ್ಕೆ ಮಲಗಿಸಿ, ಎಡಕ್ಕೆ ತಿರುಗಿಸಿ, ಕಣ್ಣನ್ನೇ ನೋಡಿದರು. ಮತ್ತೆ ಬಲಕ್ಕೆ. ಆಮೇಲೆ ವಿವರಿಸಿದರು. ಕಿವಿಯ ಒಳಗೆ ಸುಣ್ಣದ ಹರಳುಗಳು ಇರುತ್ತವಂತೆ, ಕಣ್ಣಿಗೆ ಕಾಣದಷ್ಟು ಸಣ್ಣವು. ಒಮ್ಮೊಮ್ಮೆ ಒಂದೆರಡು ಜಾಗ ಬಿಟ್ಟು ಜಾರುತ್ತವಂತೆ. ಆಗ ತಲೆ ಒಂದು ದಿಕ್ಕಿಗೆ ವಾಲಿದರೆ ಲೋಕ ತಿರುಗುತ್ತದೆ. "ನೀನು ಹೇಳೋದು ಕೇಳಿದ್ರೆ ಅದೇ ಇರಬೇಕು ಅನ್ನಿಸುತ್ತೆ, ಆದ್ರೆ ಪರೀಕ್ಷೆ ಮಾಡ್ದೆ ಹೇಳಕ್ಕಾಗಲ್ಲ. ಅದೇ ಆದ್ರೆ ಹೆದರೋದೇನಿಲ್ಲ. ಹೀಗೇ ಮಲಗಿಸಿ, ತಲೆ ಕ್ರಮವಾಗಿ ತಿರುಗಿಸಿ ಹರಳನ್ನ ಜಾಗಕ್ಕೆ ಕಳಿಸ್ತೀವಿ. ಐದು ನಿಮಿಷದ ಕೆಲಸ. ಒಂದೆರಡು ಸಲ ಮಾಡಿಸ್ಬೇಕಾಗಬಹುದು. ಆದ್ರೆ ಸರಿ ಹೋಗೋವರೆಗೆ ಎತ್ತರ ಹತ್ತಬಾರದು, ಯಂತ್ರ ಓಡಿಸಬಾರದು."

"ನಾನೆಲ್ಲಿ ಎತ್ತರ ಹತ್ತಲಿ ಮೇಡಂ, ಸ್ಟೂಲ್ ಹತ್ತಿ ಫ್ರೇಮು ತೆಗೆಯೋದು ಅಷ್ಟೇ" ಎಂದೆ.

ಅವರು ನಗಲಿಲ್ಲ. ಒಂದು ಪ್ರಶ್ನೆ ಕೇಳಿದರು. ಅದೇನೆಂದು ಆಮೇಲೆ ಹೇಳುತ್ತೇನೆ.

ಆಯಿತು, ಇನ್ನು ಮುಗಿಸುತ್ತೇನೆ. ಕ್ಲೀನರ್ ವಯಸ್ಸಿನಲ್ಲಿ ಚಿಕ್ಕವಳಾದರೂ ಆಶೀರ್ವಾದದ ದಾಸ್ತಾನು ದೊಡ್ಡದಿದೆ. ನಿನ್ನ ಬ್ರೇಕು ಹಿಡಿಯಲಿ. ನಿನ್ನ ಕೊಕ್ಕೆ ಜಾರದಿರಲಿ. ನಿನ್ನ ಮೇಸ್ತ್ರಿಗೆ ಗಂಟಲು ಕಟ್ಟಲಿ. ನಿನ್ನ ಕಾಲ ಕೆಳಗಿನ ನೆಲ ನೆಲದ ಹಾಗೇ ಇರಲಿ.

ಇಂತಿ ನಿನ್ನ ವಿಧೇಯಳಾದ,
(ಕಾಗದದ ಮೇಲೆ ಮಾತ್ರ ವಿಧೇಯಳಾದ)
ಕ್ಲೀನರ್

ತಾ.ಕ.: ಜೊತೆಯಲ್ಲಿರುವ ಡಬ್ಬಿ ಅಮ್ಮ ಕಳಿಸಿದ್ದು. ಮುರುಕು ಬಿಸ್ಕತ್ತು, ಎಲ್ಲ ಅವಳೇ ಹೆಕ್ಕಿದ್ದು. ತಳದಲ್ಲಿ ಒಂದು ಇಡಿಯದು ಇದೆ. ಅದು ನನ್ನ ಕಾಣಿಕೆ, ಎಲ್ಲಿಂದ ಬಂತು ಎಂದು ಕೇಳಬಾರದು.

ಇನ್ನೊಂದು ತಾ.ಕ.: ಡಾಕ್ಟರಮ್ಮ ಕೇಳಿದ ಪ್ರಶ್ನೆ ಇದು. "ನಿನ್ನ ಕಿವಿ ಗಟ್ಟಿಮುಟ್ಟಾಗಿದೆ. ಈ ತಲೆಸುತ್ತು ಯಾರದ್ದಮ್ಮ?"

ನಮ್ಮ ಅಕ್ಕನದು ಎಂದೆ.

"ಅವಳೆಲ್ಲಿ?"

"ಎಪ್ಪತ್ತೆರಡು ಮೀಟರ್ ಮೇಲೆ."

ಅವರು ಪೆನ್ನು ಕೆಳಗಿಟ್ಟು, "ಇಳಿಸು ಅವಳನ್ನ" ಎಂದರು. ನಾನು ಹೇಳಿದರೆ ಕೇಳುತ್ತಾಳೋ ಇಲ್ಲವೋ ಎಂದೆ. "ಕೇಳೋ ಹಾಗೆ ಹೇಳು" ಎಂದರು. ಲಕೋಟೆಯಲ್ಲಿರುವ ಚೀಟಿ ಅವರು ಬರೆದದ್ದು. ರೋಗಿಯ ಹೆಸರಿನ ಜಾಗ ಖಾಲಿ ಬಿಟ್ಟಿದ್ದಾರೆ. ಅಲ್ಲಿನ ಯಾವ ಕಿವಿ ಡಾಕ್ಟರಿಗೆ ತೋರಿಸಿದರೂ ಅರ್ಥವಾಗುತ್ತದಂತೆ.

ಓದುವಾಗ ನಿನಗೆ ಆಗಲೇ ಗೊತ್ತಾಗಿರಬೇಕು. ಬುಗುರಿ, ಅರ್ಧ ನಿಮಿಷ, ಏನೂ ಆಗೇ ಇಲ್ಲ ಅನ್ನೋ ಹಾಗೆ, ಇವು ನನ್ನ ಮಾತಲ್ಲ. ಖಾಲಿ ಕುರ್ಚಿಗೆ ನೀನು ಹೇಳಿದ ಮಾತು. ಒಂದು ತಿಂಗಳಿಂದ ಹೀಗಾಗ್ತಿದೆ ಎಂದೆ. ಆ ಅರ್ಧ ನಿಮಿಷ ಕೊಕ್ಕೆಯಲ್ಲಿ ತೊಲೆ ನೇತಾಡ್ತಿರುತ್ತೆ, ಕೆಳಗೆ ಜನ ಇರ್ತಾರೆ ಎಂದೆ. ಹೇಳಿದ್ರೆ ಇಳಿಸಿಬಿಡ್ತಾರೆ, ಆಮೇಲೆ ಯಾರೂ ಹತ್ತಿಸಲ್ಲ ಎಂದೆ. "ಚಿಕ್ಕವಳಿದ್ದಾಗ ಬಸ್ಸಲ್ಲಿ ನಿಂಗೂ ಹೀಗೇ ಆಗ್ತಿತ್ತಾ? ಹೆಂಗೆ ತಡ್ಕೊಳ್ತಿದ್ದೆ?" ಎಂದು ಕೇಳಿದೆ. ನಾಟಕದವಳನ್ನು ನಂಬಿ ಕೇಳಿದೆ.

ಹೆಡ್‌ಫೋನ್ ಇಟ್ಟು ಓಡಿದ್ದು ಅಲ್ಲಿಯವರೆಗೆ ಎಲ್ಲವನ್ನೂ ಕೇಳಿಸಿಕೊಂಡ ಮೇಲೆ. ಆವತ್ತು ನನಗೆ ವಾಕರಿಕೆ ಬಂದೇ ಇರಲಿಲ್ಲ. ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿ, ಬಕೆಟ್ಟು ತುಂಬುವುದನ್ನು ನೋಡುತ್ತ ನಿಂತಿದ್ದೆ. ತುಂಬಿ ಹರಿದ ಮೇಲೆ ಬಂದು, ರೈಟ್ ರೈಟ್ ಎಂದೆ.

ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಹೋಲ್ಡಾನ್, ಡ್ರೈವರಣ್ಣ. ಹದಿನಾಲ್ಕು ತಿಂಗಳಲ್ಲಿ ಮೊದಲನೆಯದು. ಯಾಕೆ ಎಂದು ಕೇಳುವಂತಿಲ್ಲ. ಇಳಿ. ಐದು ನಿಮಿಷದ ಕೆಲಸ ಮಾಡಿಸಿಕೊ, ಆಮೇಲೆ ಬೇಕಾದರೆ ಮತ್ತೆ ಹತ್ತು, ಅಲ್ಲೇ ಇರು, ಮನೆಗೆ ಬರಬೇಡ.

ಮನೆಗೆ ಬರಬೇಡ ಎಂದು ಬರೆಯಲಿಕ್ಕೆ ಈ ಮೂರು ವಾರ ಹಿಡಿಯಿತು. ನಿನಗೆ ತಲೆ ಸುತ್ತುತ್ತಿದೆ, ಇಳಿಸಿಬಿಡುತ್ತಾರೆ ಎಂದಾಗ ಇನ್ನು ಮನೆಗೇ ಬರುತ್ತೀಯ ಎಂದು ನನಗೆ ಮೊದಲು ಆದದ್ದು ಖುಷಿ, ಅಕ್ಕ. ಭಯ, ನಲ್ಲಿ ತಿರುಗಿಸಿದ ಮೇಲೆ ಬಂತು.